ನಲವತ್ತೆರಡು ವಾರ

ಕಾಲು ಒರೆಸಿಕೊಂಡು ಬನ್ನಿ. ದೋಣಿಯಲ್ಲಿ ಬಂದವರ
ಚಪ್ಪಲಿಗೆ ಮರಳು ಅಂಟಿಯೇ ಇರುತ್ತದೆ,
ಈ ಓಕ್ ನೆಲಕ್ಕೆ ಮರಳೆಂದರೆ ಉಪ್ಪುಕಾಗದ.

ಇದು ವೀಗಂಡ್ ಮನೆತನದ ಬೇಸಿಗೆ ಬಂಗಲೆ.
ಶಿಕಾಗೋದಲ್ಲಿ ಗುಂಡಿಯ ಕಾರ್ಖಾನೆ;
ಹೌದು, ಅಂಗಿಯ ಗುಂಡಿಯೇ.
ನದಿಯ ಚಿಪ್ಪು ಕೊರೆದೂ ಕೊರೆದೂ
ಅರ್ಧ ದೇಶದ ಎದೆ ಮುಚ್ಚಿದರು ಎಂದು
ನನಗೆ ಕೊಟ್ಟ ಕಾಗದದಲ್ಲಿದೆ, ಓದುತ್ತಿದ್ದೇನೆ.
ಹದಿನೇಳು ಕೋಣೆ. ಊಟದ ಮೇಜಿಗೆ
ಇಪ್ಪತ್ತೆರಡು ಕುರ್ಚಿ. ಹಗ್ಗ ದಾಟಬೇಡಿ.

ಜೂನ್ ಕೊನೆಗೆ ಬರುತ್ತಿದ್ದರು, ಸೆಪ್ಟೆಂಬರ್ ಹುಟ್ಟುತ್ತಲೇ
ಪೆಟ್ಟಿಗೆ ಕಟ್ಟುತ್ತಿದ್ದರು. ಒಟ್ಟು ಹತ್ತು ವಾರ.
ಆ ಹತ್ತು ವಾರದ ಫೋಟೋಗಳೇ ಗೋಡೆ ತುಂಬ:
ಬಿಳಿ ಟೋಪಿ, ದೋಣಿಯ ಹುಟ್ಟು, ಟೆನಿಸ್ ಬಲೆ.
ಇಗೋ, ಹಿರಿಯ ಮಗಳು ಅಡಲೀನ್,
ತೋಳುದ್ದದ ಮೀನು ಎತ್ತಿ ನಗುತ್ತಿದ್ದಾಳೆ.
ಹಿಡಿದದ್ದು ನನ್ನಪ್ಪ.

ಅದು ಕಾಗದದಲ್ಲಿಲ್ಲ.
ಕಚೇರಿಯ ಹುಡುಗ ಊಟಕ್ಕೆ ಹೋಗಿದ್ದಾನೆ,
ಹತ್ತಿರ ಬನ್ನಿ.

ಅಡುಗೆಮನೆಯ ಹಿಂದೆ ಟಿಕೆಟ್ ಕೊಂಡಿರಲ್ಲ,
ಆ ಕೋಣೆಯಲ್ಲಿ ಹುಟ್ಟಿದವಳು ನಾನು, ಫೆಬ್ರವರಿಯಲ್ಲಿ.
ಸೂಲಗಿತ್ತಿ ಜಾರುಬಂಡಿ ಹತ್ತಿ
ಹೆಪ್ಪುಗಟ್ಟಿದ ಸರೋವರದ ನಟ್ಟನಡುವೆ ಬಂದಳಂತೆ.
ಅಪ್ಪ ವೋಯ್ಟೆಕ್ ಹ್ರೂಬಿ, ಬೊಹೀಮಿಯಾದವನು, ಕಾವಲಿಗೆ.
ಇಂಗ್ಲಿಷಿನಲ್ಲಿ ಮೂರೇ ಮಾತು: ಹೌದು, ಇಲ್ಲ, ಆಗಲಿ ಸ್ವಾಮಿ.
ಚೆಕ್ ಭಾಷೆಯಲ್ಲಿ ಬೈಗುಳದ ಭಂಡಾರ.

ಉಳಿದ ನಲವತ್ತೆರಡು ವಾರ ಈ ಮನೆ ನಮ್ಮದು.
ನಮ್ಮದೆಂದರೆ, ಮುಟ್ಟುವಂತಿಲ್ಲ, ನಿಮ್ಮ ಹಾಗೇ.
ಆಗ ಹಗ್ಗವಿರಲಿಲ್ಲ, ಅಪ್ಪನ ಕಣ್ಣಿತ್ತು.
ಸೋಫಾಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿ,
ಕನ್ನಡಿಗಳ ಮುಖ ಗೋಡೆಗೆ ತಿರುಗಿಸಿ,
ಕೊಳವೆಗಳ ನೀರು ಕೊನೆಯ ಹನಿತನಕ ಬಸಿದು
ಒಂದೇ ಒಲೆಯ ಸುತ್ತ ನಾವು ನಾಲ್ವರು.

ನೀವು ಯಾರೂ ಕೇಳಿಲ್ಲ ಆ ಸದ್ದು:
ಜನವರಿಯ ನಡುರಾತ್ರಿ ಮಂಜುಗಡ್ಡೆ ಮಗ್ಗುಲು ಬದಲಿಸಿದರೆ
ಈ ದಡದಿಂದ ಆ ದಡಕ್ಕೆ ಯಾರೋ
ಮೈಲುದ್ದದ ಹೊಸ ಬಟ್ಟೆ ಪರ್ರನೆ ಹರಿದಂತೆ.
ಒಂದು ರಾತ್ರಿ ಕತ್ತಲಲ್ಲಿ ಪಿಯಾನೋ
ತಾನೇ ಒಂದು ತಂತಿ ಮಿಡಿಯಿತು.
ಅಮ್ಮ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.
ಅಪ್ಪ ಮಗ್ಗುಲಾಗಿ, ಇಲಿ, ಅಂದ.
ಇಲಿಯೇ. ಏಪ್ರಿಲ್‌ನಲ್ಲಿ ಮುಚ್ಚಳ ತೆರೆದಾಗ
ಸುತ್ತಿಗೆಗಳ ಉಣ್ಣೆ ಕಿತ್ತು ಕಟ್ಟಿದ ಗೂಡು,
ಒಳಗೆ ಆರು ಗುಲಾಬಿ ಮರಿ, ಒಂದು ಚಿಪ್ಪಿನ ಗುಂಡಿ.

ನನಗೆ ಒಂಬತ್ತಾದ ಚಳಿಗಾಲ ಅಮ್ಮನಿಗೆ ಎದೆ ಕಟ್ಟಿತು.
ಕೆಳಗಿನ ಕೋಣೆಯ ಗೋಡೆ ಬೆವರುತ್ತಿತ್ತು.
ಅಪ್ಪ ಏನೂ ಹೇಳದೆ ಅವಳನ್ನು ಹೊತ್ತು
ಮುಂಭಾಗದ ಮೆಟ್ಟಿಲು ಹತ್ತಿದ.
ಮುಂಭಾಗದ ಮೆಟ್ಟಿಲು, ತಿಳಿಯಿತೇ?
ಯಜಮಾನಿಯ ಹಾಸಿಗೆಯ ಬಿಳಿ ಬಟ್ಟೆ ಸರಿಸಿ ಮಲಗಿಸಿದ,
ಹೊಗೆ ಕಂಡರೆ ಆಚೆ ದಡದವರು ಏನೆನ್ನುತ್ತಾರೆಂದು
ಇರುಳಾಗುವತನಕ ಕಾದು ಅಗ್ಗಿಷ್ಟಿಕೆ ಹೊತ್ತಿಸಿದ.

ಹನ್ನೊಂದು ವರ್ಷ ಆ ಕೋಣೆಯ ನೆಲ ಒರೆಸಿದವಳು
ಮಲಗಿ ನೋಡಿದ್ದು ಅಂದೇ ಮೊದಲು.
ಬೆಳಗಾದಾಗ ಕಿಟಕಿಯತ್ತ ತಲೆ ಹೊರಳಿಸಿ,
ಸರೋವರ ಇಷ್ಟು ದೊಡ್ಡದೇ? ಅಂದಳು.
ಕನ್ನಡಿ ಈಚೆಗೆ ತಿರುಗಿಸು ಅಂದಳು.
ನೋಡಿಕೊಂಡು, ಆಚೆಗೇ ತಿರುಗಿಸು ಅಂದಳು.

ಇಲ್ಲ ತಾಯಿ, ಸಾಯಲಿಲ್ಲ. ಕಣ್ಣೊರೆಸಿಕೊಳ್ಳಿ.
ಆರನೇ ದಿನ ಎದ್ದಳು, ಹಾಸುಗಳನ್ನು ಒಗೆದಳು,
ಸೂಜಿ ಬಿದ್ದಷ್ಟೂ ಗುರುತು ಉಳಿಸಲಿಲ್ಲ.
ಮುಂದೆ ಮೂವತ್ತು ವರ್ಷ ಬದುಕಿದಳು,
ಅಷ್ಟು ದುಡ್ಡಿನವರ ಹಾಸಿಗೆ
ಬೆನ್ನಿಗೆ ಹೇಗೆ ಒತ್ತುತ್ತದೆ ಎಂದು ಗೊಣಗುತ್ತ.

ಅಕ್ಟೋಬರ್‌ನಲ್ಲಿ ಇವರೂ ಬೀಗ ಹಾಕುತ್ತಾರೆ.
ಕಾವಲಿಗೀಗ ಸೂರಿನ ಮೂಲೆಯಲ್ಲಿ ಮಿಟುಕುವ
ಕೆಂಪು ದೀಪ. ಅದಕ್ಕೆ ಚಳಿಯಾಗುವುದಿಲ್ಲ.
ಪಿಯಾನೋ ಮಿಡಿದರೆ
ಇಲಿ ಎನ್ನುವವರೂ ಇಲ್ಲ.

ಹುಡುಗ ಬಂದ.
ಹಾಂ, ಹೀಗೆ ಎಡಕ್ಕೆ ಬನ್ನಿ. ಇದು
ಯಜಮಾನಿಯ ಮಲಗುವ ಕೋಣೆ.
ಮಂಚ, ಹಾಸಿಗೆ, ಕನ್ನಡಿ, ಎಲ್ಲ ಅಂದಿನವೇ.
ಈ ಹಾಸಿಗೆಯಲ್ಲಿ
ಅವರಲ್ಲದೆ ಬೇರೆ ಯಾರೂ ಮಲಗಿಲ್ಲ.
ಹಗ್ಗ ದಾಟಬೇಡಿ.